ಜಾನ್ ಫೇತ್‌ಫುಲ್ ಫ್ಲೀಟ್

ಜಾನ್ ಫೇತ್‌ಫುಲ್ ಫ್ಲೀಟ್ (1847–1917) ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಶಿಲಾಶಾಸನಗಳನ್ನು ಓದಿ ಪ್ರಕಟಿಸಿದ ಬ್ರಿಟಿಷ್ ಅಧಿಕಾರಿ ಹಾಗೂ ಶಾಸನತಜ್ಞ.

ವೃತ್ತಿಜೀವನ

1867ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿ ಮುಂಬಯಿ ಪ್ರಾಂತ್ಯಕ್ಕೆ ಬಂದರು. ಕನ್ನಡ, ಸಂಸ್ಕೃತಗಳಲ್ಲಿ ಪರಿಣತಿ ಪಡೆದರು. 1883ರಲ್ಲಿ ಭಾರತ ಸರ್ಕಾರದ ಶಾಸನತಜ್ಞರಾಗಿ ನೇಮಕಗೊಂಡರು. 1897ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು.

ಶಾಸನ ಸಂಶೋಧನೆ

ಸವದತ್ತಿ ಮತ್ತು ಬೆಳಗಾವಿಯ ರಟ್ಟ ಅರಸರ ಶಾಸನಗಳನ್ನು ಮೊದಲಿಗೆ ಕ್ರಮಬದ್ಧವಾಗಿ ಸಂಪಾದಿಸಿದವರು ಇವರು. ಇಂದಿನ ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಲ್ಲಿರುವ, ನಾಲ್ಕನೆಯ ಕಾರ್ತವೀರ್ಯನ ಕಾಲದ 1204ರ ಶಾಸನವೂ ಅವುಗಳಲ್ಲೊಂದು. ಅದು ಶಾಂತಿನಾಥ ಬಸದಿಗೆ ನೀಡಿದ ದತ್ತಿಯನ್ನು ತಿಳಿಸುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನೂ ಪ್ರಕಟಿಸಿದರು. ಬೆಳಗಾವಿ, ಧಾರವಾಡ ಭಾಗವನ್ನು ಆಡಳಿತವು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ಕಾಲದಲ್ಲಿ, ಫ್ಲೀಟ್ ಅಲ್ಲಿನ ರಾಜವಂಶಗಳನ್ನು ಕುರಿತ ತಮ್ಮ 1882ರ ಗ್ರಂಥದ ಹೆಸರಿನಲ್ಲಿಯೇ ಅವುಗಳನ್ನು ಕನ್ನಡ ಜಿಲ್ಲೆಗಳೆಂದು ಗುರುತಿಸಿದರು. ಗುಪ್ತರ ಶಾಸನಗಳ ಸಂಪುಟ 1888ರಲ್ಲಿ ಹೊರಬಂದಿತು.

ಲಾವಣಿ ಸಂಗ್ರಹ

ಜನರ ಬಾಯಲ್ಲಿದ್ದ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, ಅನುವಾದದೊಡನೆ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ 1885ರಿಂದ ಅಚ್ಚುಮಾಡಿಸಿದರು. ಬ್ರಿಟಿಷರು 1831ರಲ್ಲಿ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಇದರಲ್ಲಿದೆ. ಹೀಗೆ ಆ ಬಂಡಾಯದ ಹಾಡು, ಅದನ್ನು ಹತ್ತಿಕ್ಕಿದ ಆಡಳಿತದ ಅಧಿಕಾರಿಯೊಬ್ಬರಿಂದಲೇ ಲಿಖಿತ ರೂಪದಲ್ಲಿ ಉಳಿಯಿತು.