ದಾನಚಿಂತಾಮಣಿ ಅತ್ತಿಮಬ್ಬೆ

ಇಂದಿನ ಕೊಪ್ಪಳಕ್ಕೆ ಪೂರ್ವಕಾಲದಲ್ಲಿ ಕೊಪಣವೆಂಬ ಹೆಸರಿದ್ದಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣವನ್ನೂ ಹೆಸರಿಸುತ್ತದೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳಿಗೆ ನೆರೆಯಾದ ಈ ಊರಿನ ಬೆಟ್ಟಗಳು ಜೈನರಿಗೆ ಮಹಾತೀರ್ಥವಾಗಿದ್ದವು. ಕವಿ ರನ್ನನು ಒಬ್ಬ ಸ್ತ್ರೀಯ ಚರಿತೆಯ ಪಾವಿತ್ರ್ಯವನ್ನು ವರ್ಣಿಸಹೊರಟಾಗ ಗಂಗಾಜಲದ ಜೊತೆಗೆ ಕೊಪಣದ ಬೆಟ್ಟವನ್ನೂ ಉಪಮಾನವಾಗಿ ತಂದನು. ಆ ಸ್ತ್ರೀಯೇ ಅತ್ತಿಮಬ್ಬೆ.

ಅತ್ತಿಮಬ್ಬೆಯು ಹತ್ತನೆಯ ಶತಮಾನದವಳು. ತಂದೆ ಮಲ್ಲಪ, ತಾಯಿ ಅಪ್ಪಕಬ್ಬೆ. ಮಲ್ಲಪನೂ ಅವನ ಸಹೋದರ ಪುನ್ನಮಯ್ಯನೂ ತಮ್ಮ ಗುರುವಿನ ನೆನಪಿಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವರು. ಕಾವ್ಯವೂ ಧರ್ಮವೂ ಬೇರೆಯಲ್ಲವೆಂದು ಬಗೆದ ಮನೆಯಲ್ಲಿ ಆಕೆ ಬೆಳೆದಳು. ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ಮದುವೆ ಮಾಡಲಾಯಿತು.

ವೀರನಾದ ನಾಗದೇವನು ಅಕಾಲದಲ್ಲಿ ತೀರಿಕೊಂಡನು. ಗುಂಡಮಬ್ಬೆ ಪತಿಯೊಡನೆ ಚಿತೆಯೇರಿದಳು. ಸಹಗಮನವನ್ನು ಕೊಂಡಾಡುತ್ತಿದ್ದ ಕಾಲವದು. ಒಡಹುಟ್ಟಿದವಳೇ ಆ ದಾರಿ ಹಿಡಿದಾಗ ಹಿಂದೆ ಉಳಿಯುವುದು ಸುಲಭವಾಗಿರಲಿಲ್ಲ. ಅತ್ತಿಮಬ್ಬೆ ಉಳಿದಳು. ಆಕೆಗೆ ಅಣ್ಣಿಗದೇವನೆಂಬ ಎಳೆಯ ಮಗನಿದ್ದನು. ಬೆಂಕಿಯಲ್ಲಿ ಒಮ್ಮೆಗೇ ದೇಹವನ್ನು ನೀಗುವ ಬದಲು, ಜೈನ ವ್ರತನಿಯಮಗಳಿಂದ ದಿನದಿನವೂ ಅದನ್ನು ದಂಡಿಸುತ್ತ ಆಕೆ ಬಾಳಿದಳು. ತಂಗಿಯ ಸಾಹಸಕ್ಕಿಂತ ಅಕ್ಕನ ಈ ನಿರ್ಧಾರ ಕಡಿಮೆಯದೆಂದು ಹೇಳಲಾಗದು.

ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಶ್ರೇಷ್ಠವೆಂದು ಎಣಿಸುತ್ತಾರೆ. ಇವುಗಳಲ್ಲಿ ಶಾಸ್ತ್ರದಾನವು ಅತ್ತಿಮಬ್ಬೆಯ ಹೆಸರನ್ನು ಚಿರವಾಗಿಸಿತು. ಅಂದು ಮುದ್ರಣವಿರಲಿಲ್ಲ. ಲಿಪಿಕಾರನು ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕಾಗಿತ್ತು. ಹುಳು ತಿಂದು, ಗರಿ ಮುರಿದು, ಪ್ರತಿ ಮಾಡುವವರಿಲ್ಲದೆ ಎಷ್ಟೋ ಕಾವ್ಯಗಳು ಅಳಿದುಹೋದವು. ಅತ್ತಿಮಬ್ಬೆಯು ತಂದೆ ಬರೆಯಿಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ದೂರದ ಚೀನಾದಲ್ಲಿಯೂ ಇಂತಹದೇ ನಂಬಿಕೆಯಿದ್ದಿತು. 868ರಲ್ಲಿ ವಾಂಗ್ ಜಿಯೆ ಎಂಬಾತನು ತಂದೆತಾಯಿಗಳ ಪುಣ್ಯಕ್ಕಾಗಿ ಬೌದ್ಧರ ವಜ್ರಸೂತ್ರವನ್ನು ಮರದ ಅಚ್ಚಿನಿಂದ ಮುದ್ರಿಸಿ ಉಚಿತವಾಗಿ ಹಂಚಿಸಿದನು. ಅವನಿಗೆ ಅಚ್ಚಿನ ನೆರವಿದ್ದಿತು, ಅತ್ತಿಮಬ್ಬೆಗೆ ಇದ್ದುದು ಲಿಪಿಕಾರರ ಕೈ ಮಾತ್ರ.

ಇದ್ದ ಕಾವ್ಯವನ್ನು ಉಳಿಸಿದುದಲ್ಲದೆ ಹೊಸ ಕಾವ್ಯಕ್ಕೂ ಆಕೆ ಕಾರಣಳಾದಳು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನು ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಅದೇ ಕವಿಯು ಗದಾಯುದ್ಧದಲ್ಲಿ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹಾಡಿದ್ದಾನೆ. ಅರಸನ ಆಸ್ಥಾನ ವೀರರಸವನ್ನು ಬಯಸಿತು. ಶ್ರಾವಕಿಯ ಮನೆ ತೀರ್ಥಂಕರನ ವೈರಾಗ್ಯವನ್ನು ಬಯಸಿತು. ಕವಿ ಎರಡನ್ನೂ ಕೊಟ್ಟನು. ಅಜಿತಪುರಾಣದಲ್ಲಿ ಅತ್ತಿಮಬ್ಬೆಯ ವಂಶದ ಕಥೆಯೂ ಸೇರಿಕೊಂಡುದರಿಂದಲೇ ಆಕೆಯ ಬಾಳು ನಮಗೆ ಇಷ್ಟಾದರೂ ತಿಳಿದಿದೆ. ರನ್ನನು ತನ್ನ ಮಗಳಿಗೂ ಅತ್ತಿಮಬ್ಬೆಯೆಂದೇ ಹೆಸರಿಟ್ಟನು.

ಕೊಪ್ಪಳದಿಂದ ಗದಗಿಗೆ ಹೋಗುವ ದಾರಿಯಲ್ಲಿ ಲಕ್ಕುಂಡಿಯಿದೆ. ಅಲ್ಲಿ ಅತ್ತಿಮಬ್ಬೆ ಬಸದಿಯೊಂದನ್ನು ಕಟ್ಟಿಸಿದಳು. 1007ರ ಶಾಸನವು ಆಕೆಯ ದಾನಗಳನ್ನು ಹೊಗಳುವುದರೊಂದಿಗೆ ಗೋದಾವರಿಯ ಪ್ರವಾಹವನ್ನು ತಡೆದ ಪವಾಡವನ್ನೂ ಹೇಳುತ್ತದೆ. ಪ್ರವಾಹದ ಮಾತು ಹೇಗೆಯೇ ಇರಲಿ, ಕಲ್ಲಿನ ಆ ಬಸದಿ ಮಾತ್ರ ಇಂದಿಗೂ ನಿಂತಿದೆ.