ಬಾಡದ ಕನಕದಾಸರ ಚರಿತ್ರೆ

ಶಿಗ್ಗಾಂವಿ ತಾಲೂಕಿನಲ್ಲಿ, ಬಂಕಾಪುರದ ಕೋಟೆಗೆ ದೂರವಲ್ಲದೆ, ಬಾಡವೆಂಬ ಗ್ರಾಮವುಂಟು. ಹದಿನಾರನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಕುರುಬರ ನಾಯಕನಾದ ಬೀರಪ್ಪನಿಗೂ ಅವನ ಹೆಂಡತಿಯಾದ ಬಚ್ಚಮ್ಮನಿಗೂ ತಿಮ್ಮಪ್ಪನೆಂಬ ಮಗನು ಹುಟ್ಟಿದನು. ತಂದೆಯ ತರುವಾಯ ಇವನು ವಿಜಯನಗರದ ಅರಸರ ಕೈಕೆಳಗೆ ಆ ಸೀಮೆಯ ಅಧಿಕಾರವನ್ನು ನಡಿಸಿದನು. ನೆಲವನ್ನು ಅಗಿಯುವಾಗ ಹೊನ್ನು ಸಿಕ್ಕಿದ್ದರಿಂದ ಅವನಿಗೆ ಕನಕನೆಂಬ ಹೆಸರು ಬಂತೆಂದು ಹೇಳುವರು. ಒಂದು ಯುದ್ಧದಲ್ಲಿ ಬಹಳವಾಗಿ ಗಾಯಪಟ್ಟು ಬದುಕಿದ ಮೇಲೆ ಅವರು ಕತ್ತಿಯನ್ನು ಕೆಳಗಿಟ್ಟು, ಕಾಗಿನೆಲೆಯ ಆದಿಕೇಶವನಿಗೆ ದಾಸರಾದರು.

ವ್ಯಾಸರಾಯರು ಇವರನ್ನು ಶಿಷ್ಯರಾಗಿ ಅಂಗೀಕರಿಸಿದಾಗ ಮಿಕ್ಕ ಶಿಷ್ಯರು ಗುಣುಗುಟ್ಟಿದರಂತೆ. ಬಾಳೆಯ ಹಣ್ಣಿನ ಕಥೆಯನ್ನೂ ಉಡುಪಿಯ ಕಿಂಡಿಯ ಸಂಗತಿಯನ್ನೂ ನಮ್ಮ ಮಕ್ಕಳು ಸಹ ಬಲ್ಲರು. ಆದಕಾರಣ ನಾವು ಅವುಗಳನ್ನು ವಿಸ್ತರಿಸುವದಿಲ್ಲ. ಅವರು ಬರೆದ ರಾಮಧಾನ್ಯಚರಿತೆ ಎಂಬ ಚಿಕ್ಕ ಕಾವ್ಯವಾದರೋ ಅಷ್ಟು ಜನರಿಗೆ ತಿಳಿಯದು.

ಅದರ ಕಥೆ ಹೀಗಿದೆ. ರಾಮನು ಲಂಕೆಯಿಂದ ಹಿಂದಿರುಗುವಾಗ, ಧಾನ್ಯಗಳಲ್ಲಿ ಯಾವದು ಶ್ರೇಷ್ಠವೆಂಬ ಪ್ರಶ್ನೆ ಹುಟ್ಟುತ್ತದೆ. ಗೌತಮನು ನರೆದಲೆಗವನ್ನು, ಅಂದರೆ ರಾಗಿಯನ್ನು, ಹೊಗಳುತ್ತಾನೆ. ಭತ್ತವು ಸಿಟ್ಟುಗೊಂಡು, ಶೂದ್ರರ ಅನ್ನವಾದ ನೀನು ನನಗೆ ಸಮವೋ ಎಂದು ಅದರ ಕುಲವನ್ನೆತ್ತಿ ಜರೆಯುತ್ತದೆ. ನರೆದಲೆಗವು ಸುಮ್ಮನಿರುವದಿಲ್ಲ, ಭತ್ತವು ಉಳ್ಳವರನ್ನು ಓಲೈಸಿ ಬಡವರನ್ನು ಕಡೆಗಣಿಸುವದೆಂದೂ, ಮಳೆ ತಪ್ಪಿದ ವರುಷ ಲೋಕವನ್ನು ಉಳಿಸುವದು ತಾನೇ ಎಂದೂ ಉತ್ತರಕೊಡುತ್ತದೆ. ಗದ್ದೆಯ ಸೀಮೆಯಾದ ಹಾನಗಲ್ಲಿನವರೂ, ಜೋಳದ ರೊಟ್ಟಿಯನ್ನುಣ್ಣುವ ಸವಣೂರು ಹಿರೇಕೆರೂರಿನವರೂ ಈ ಜಗಳದಲ್ಲಿ ಬೇರೆ ಬೇರೆ ಪಕ್ಷ ಹಿಡಿದಾರು! ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ತರಿಸಿ ನೋಡಲಾಗಿ ಭತ್ತವು ಸತ್ವಗುಂದಿತ್ತು, ನರೆದಲೆಗವು ಹಾಗೆಯೇ ಇತ್ತು. ಅವನು ಅದಕ್ಕೆ ರಾಘವನೆಂಬ ತನ್ನ ಹೆಸರನ್ನೇ ಕೊಟ್ಟನು.

ಇಲ್ಲಿ ನಮಗೆ ಒಂದು ಸಂದೇಹ ಹುಟ್ಟುತ್ತದೆ. ಹುಟ್ಟಿನಿಂದ ಬಂದ ಮೇಲ್ಮೆಯನ್ನು ತಳ್ಳಿ, ಗುಣದಿಂದ ಬಂದ ಮೇಲ್ಮೆಯನ್ನು ಅದರ ಸ್ಥಾನದಲ್ಲಿಟ್ಟರೆ ಸಮಾನತೆಯಾಯಿತೋ? ಸೆರೆಯಲ್ಲಿ ಸೊರಗಿದವನ ಗತಿ ಏನು? ದೂರದ ಅಮೇರಿಕದಲ್ಲಿಯೂ ಇದೇ ವಾದ ನಡೆಯಿತು. ಎಲ್ಲಾ ಮನುಷ್ಯರು ಸಮಾನರೆಂದು 1776ರಲ್ಲಿ ಸಾರಿದ ಪತ್ರವನ್ನು ಬರೆದ ಜೆಫರ್ಸನ್ ದೊರೆಯು ನೂರಾರು ಗುಲಾಮರ ಒಡೆಯನಾಗಿದ್ದನು. ಅವನು 1813ರಲ್ಲಿ ಆಡಮ್ಸನಿಗೆ ಬರೆದ ಕಾಗದದಲ್ಲಿ, ಐಶ್ವರ್ಯ ಜನ್ಮಗಳ ದೊಡ್ಡಸ್ತಿಕೆ ಕೃತ್ರಿಮವೆಂದೂ, ಸದ್ಗುಣ ಸಾಮರ್ಥ್ಯಗಳದ್ದೇ ಸಹಜವೆಂದೂ ವಾದಿಸಿದನು. ಆಡಮ್ಸನು ಆ ಭೇದವನ್ನು ಒಪ್ಪಲಿಲ್ಲ. ಜನ್ಮವೂ ಹಣವೂ ಲೋಕದಲ್ಲಿ ಸಾಮರ್ಥ್ಯದಂತೆಯೇ ಬಲಕೊಡುತ್ತವೆಂದು ಅವನು ಕಂಡಿದ್ದನು. 1858ರಲ್ಲಿ ಲಿಂಕನ್ ಡಗ್ಲಸನೊಡನೆ ವಾದಿಸುತ್ತಾ, ಕರಿಯನು ಬೇರೆ ವಿಷಯಗಳಲ್ಲಿ ತನಗೆ ಸಮನಲ್ಲದೆ ಹೋದರೂ, ತನ್ನ ಕೈ ದುಡಿದ ರೊಟ್ಟಿಯನ್ನು ಯಾರನ್ನೂ ಕೇಳದೆ ತಿನ್ನುವ ಹಕ್ಕಿನಲ್ಲಿ ಎಲ್ಲರಿಗೂ ಸಮನೆಂದನು. ಅರೆಮನಸ್ಸಿನ ಮಾತೇ ಸರಿ. ಆದರೂ ಗುಲಾಮಗಿರಿಯು 1865ರಲ್ಲಿ ತೀರಿತು.

ಕನಕದಾಸರು ಅರೆಮನಸ್ಸಿನಲ್ಲಿ ನಿಲ್ಲಲಿಲ್ಲವೆಂದು ನಮ್ಮ ಅಭಿಪ್ರಾಯ. ತಮ್ಮ ಕೀರ್ತನೆಗಳಲ್ಲಿ ಅವರು ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ: ಆತ್ಮಕ್ಕೂ ಜೀವಕ್ಕೂ ಯಾವ ಕುಲವೆಂದು ಕೇಳಿ, ಉತ್ತರಕ್ಕೆ ಕಾಯುತ್ತಾರೆ. ಕಾವ್ಯದಲ್ಲಿಯೂ ಸೋತ ಭತ್ತವನ್ನು ಊರ ಹೊರಗೆ ಹಾಕಲಿಲ್ಲ. ರಾಮನು ಅದನ್ನು ಸಂತೈಸಿ, ಎರಡನ್ನೂ ಒಡಂಬಡಿಸಿ, ಭೂಮಿಯ ಮೇಲೆ ಕೂಡಿ ಬಾಳಿರೆಂದು ಕಳುಹಿಸಿದನು.