400ನೇ ಬೆಕ್ಕಿನ ಡಾಕ್ಟರ್

ಮೀನು ತಿನ್ನೋದು ಒಳ್ಳೇದಾ, ಕೆಟ್ಟದ್ದಾ? ಗೂಗಲ್ ಮಾಡಿದರೆ ಎರಡೂ ಉತ್ತರ ಸಿಗುತ್ತೆ. ಪ್ರೋಟೀನ್, ಒಮೆಗಾ-3, ಅಯೋಡಿನ್ ಇದೆ, ತಿನ್ನಿ ಅಂತ ಒಂದು ಕಡೆ. ಪಾದರಸ ಇರುತ್ತೆ, ಹುಷಾರು ಅಂತ ಇನ್ನೊಂದು ಕಡೆ. ಈ ಎರಡನೇ ಮಾತನ್ನು ಜಗತ್ತು ಕಲಿತಿದ್ದು ಜಪಾನಿನ ಮಿನಮಾಟಾ ಅನ್ನೋ ಊರಿಂದ. ಆ ಊರಿನ ಕಾಯಿಲೆಯನ್ನು ಮೊದಲು ಸರ್ಕಾರಕ್ಕೆ ತಿಳಿಸಿದವರು ಡಾ. ಹಾಜಿಮೆ ಹೊಸೊಕಾವಾ. ಅವರು ಒಂದು ಕೆಮಿಕಲ್ ಫ್ಯಾಕ್ಟರಿಯ ಆಸ್ಪತ್ರೆಯಲ್ಲಿ ಸಂಬಳಕ್ಕಿದ್ದವರು. ಹಾಗಾಗಿ ಇದು ಡಾಕ್ಟರ್ ಒಬ್ಬರ ಕಥೆ ಆದರೂ, ನಾಳೆ ಕಂಪನಿ ಸೇರೋ ನಾವೆಲ್ಲ ಓದಬೇಕಾದ ಕಥೆ.

ಹೊಸೊಕಾವಾ ಹುಟ್ಟಿದ್ದು 1901ರಲ್ಲಿ, ಎಹಿಮೆ ಪ್ರಾಂತ್ಯದಲ್ಲಿ. ಟೋಕಿಯೊದಲ್ಲಿ ಮೆಡಿಸಿನ್ ಓದಿದರು. ಮುಂದೆ ಚಿಸ್ಸೊ ಕಂಪನಿಯ ಮಿನಮಾಟಾ ಫ್ಯಾಕ್ಟರಿ ಆಸ್ಪತ್ರೆಯ ಮುಖ್ಯಸ್ಥರಾದರು. ಊರಲ್ಲಿ ದೊಡ್ಡ ಕೆಲಸ ಅಂದ್ರೆ ಚಿಸ್ಸೊದ ಕೆಲಸವೇ. ಊರಿನ ಸುತ್ತ ಸಮುದ್ರದ ದಂಡೆಯಲ್ಲಿ ಮೀನುಗಾರರ ಸಣ್ಣ ಸಣ್ಣ ಕೇರಿಗಳು. ಅಲ್ಲಿನ ಮನೆಗಳಲ್ಲಿ ಮೀನು ಭಾನುವಾರದ ಸ್ಪೆಷಲ್ ಅಲ್ಲ, ಮೂರು ಹೊತ್ತಿನ ಊಟ. ಬಡವರಿಗೆ ದುಡ್ಡಿಲ್ಲದೆ ಸಿಗ್ತಿದ್ದ ಒಳ್ಳೆ ಆಹಾರ ಅದು.

1956ರ ಏಪ್ರಿಲ್ 21ರಂದು ಐದು ವರ್ಷದ ಒಬ್ಬ ಹುಡುಗಿಯನ್ನು ಆಸ್ಪತ್ರೆಗೆ ಕರೆತಂದರು. ನಡೆಯೋಕೆ ಆಗ್ತಿಲ್ಲ, ಮಾತು ತೊದಲುತ್ತಿದೆ, ಫಿಟ್ಸ್ ಬರ್ತಿದೆ. ಎರಡು ದಿನದಲ್ಲಿ ಅವಳ ತಂಗಿಗೂ ಅದೇ ಶುರುವಾಯಿತು. ಅಕ್ಕಪಕ್ಕದಲ್ಲೂ ಹೀಗೇ ಇದೆ ಅಂತ ತಾಯಿ ಹೇಳಿದರು. ಹೊಸೊಕಾವಾ ಕಾಯಲಿಲ್ಲ. ಮೇ 1ರಂದು, ನರಮಂಡಲಕ್ಕೆ ಸಂಬಂಧಿಸಿದ ಗೊತ್ತಿಲ್ಲದ ಕಾಯಿಲೆಯೊಂದು ಹರಡುತ್ತಿದೆ ಅಂತ ಆರೋಗ್ಯ ಕಚೇರಿಗೆ ವರದಿ ಕೊಟ್ಟರು. ಮಿನಮಾಟಾ ಕಾಯಿಲೆ ಅಧಿಕೃತವಾಗಿ ಪತ್ತೆಯಾದ ದಿನ ಅಂತ ಇವತ್ತಿಗೂ ಎಣಿಸೋದು ಆ ಮೇ 1ನ್ನೇ. ಆಗಸ್ಟ್ ಹೊತ್ತಿಗೆ ಅವರು 30 ರೋಗಿಗಳ ವಿವರ ಬರೆದಿಟ್ಟಿದ್ದರು.

ಜನರಿಗಿಂತ ಮೊದಲೇ ಬೆಕ್ಕುಗಳು ಸೂಚನೆ ಕೊಟ್ಟಿದ್ದವು. ಕೇರಿಯ ಬೆಕ್ಕುಗಳು ಹುಚ್ಚು ಹಿಡಿದ ಹಾಗೆ ಕುಣಿದು ಸಾಯುತ್ತಿದ್ದವು. ಮನುಷ್ಯರಿಗೂ ಬೆಕ್ಕುಗಳಿಗೂ ಕಾಮನ್ ಆಗಿದ್ದಿದ್ದು ಒಂದೇ, ಮೀನು. ಅದೇ ನವೆಂಬರಿನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ, ಇದು ಅಂಟುರೋಗ ಅಲ್ಲ, ಮೀನು ಚಿಪ್ಪುಗಳ ಮೂಲಕ ದೇಹಕ್ಕೆ ಹೋಗ್ತಿರೋ ಯಾವುದೋ ಭಾರಲೋಹದ ವಿಷ ಅಂತ ಹೇಳಿತು.

ಸರಿ, ಹಾಗಾದ್ರೆ ಮೀನು ಹಿಡಿಯೋದನ್ನೇ ನಿಲ್ಲಿಸಬಹುದಿತ್ತಲ್ಲ? ಪ್ರಾಂತ್ಯದ ಸರ್ಕಾರ 1957ರಲ್ಲಿ ಆಹಾರ ಕಾನೂನಿನ ಕೆಳಗೆ ನಿಷೇಧ ಹಾಕಬಹುದಾ ಅಂತ ಕೇಂದ್ರವನ್ನು ಕೇಳಿತು. ಬಂದ ಉತ್ತರ ವಿಚಿತ್ರವಾಗಿತ್ತು. ಕೊಲ್ಲಿಯ ಎಲ್ಲಾ ಮೀನೂ ವಿಷ ಅನ್ನೋದಕ್ಕೆ ಸ್ಪಷ್ಟ ಸಾಕ್ಷಿ ಇಲ್ಲ, ಆದ್ದರಿಂದ ನಿಷೇಧ ಆಗಲ್ಲ. ಮೀನು ತಿನ್ನಬೇಡಿ ಅನ್ನೋ ಸಲಹೆ ಮಾತ್ರ ಉಳಿಯಿತು. ಆ ಕೊಲ್ಲಿಯ ಮೀನನ್ನು ಯಾರೂ ಕೊಳ್ಳದೆ ಮೀನುಗಾರರ ಕೈಯಲ್ಲಿ ಕಾಸಿಲ್ಲ. ಕಾಸಿಲ್ಲದವರು ಬೇರೆ ಏನು ತಿಂತಾರೆ? ಹಿಡಿದ ಮೀನನ್ನೇ ತಿಂದರು. ಕಾರ್ಖಾನೆಯ ಪೈಪ್ ಮಾತ್ರ ಹರೀತಾನೇ ಇತ್ತು.

ಆ ಪೈಪಿನ ಕೆಮಿಸ್ಟ್ರಿ ನಮಗೆ ಅರ್ಥ ಆಗೋವಂಥದ್ದೇ. ಚಿಸ್ಸೊ 1932ರಿಂದ ಅಸಿಟಿಲೀನಿಗೆ ನೀರು ಸೇರಿಸಿ ಅಸಿಟಾಲ್ಡಿಹೈಡ್ ಮಾಡ್ತಿತ್ತು. ಕ್ಯಾಟಲಿಸ್ಟ್ ಮರ್ಕ್ಯುರಿಕ್ ಸಲ್ಫೇಟ್. ಪುಸ್ತಕದಲ್ಲಿ ಕ್ಯಾಟಲಿಸ್ಟ್ ಹಾಗೇ ಉಳಿಯುತ್ತೆ ಅಂತ ಓದ್ತೀವಿ. ನಿಜವಾದ ರಿಯಾಕ್ಟರಿನಲ್ಲಿ ಅದರ ಸ್ವಲ್ಪ ಭಾಗ ಸೈಡ್ ರಿಯಾಕ್ಷನ್ನಿನಲ್ಲಿ ಮಿಥೈಲ್ ಮರ್ಕ್ಯುರಿ ಆಗಿ ತ್ಯಾಜ್ಯ ನೀರಿನ ಜೊತೆ ಸಮುದ್ರಕ್ಕೆ ಹೋಗ್ತಿತ್ತು. ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಹೋಗ್ತಾ ಅದರ ಸಾಂದ್ರತೆ ಏರುತ್ತೆ. ಮೀನಿನ ಪ್ರೋಟೀನಿಗೇ ಅಂಟಿಕೊಳ್ಳೋದರಿಂದ ತೊಳೆದರೆ, ಬೇಯಿಸಿದರೆ, ಹುರಿದರೆ ಹೋಗಲ್ಲ. ಮೆದುಳಿಗೆ ಸೇರುತ್ತೆ. ಗರ್ಭಿಣಿಯ ಮಾಸನ್ನೂ ದಾಟುತ್ತೆ. ಹುಟ್ಟಿದ ಮೇಲೆ ಒಂದು ಮೀನೂ ತಿನ್ನದ ಮಕ್ಕಳು ಈ ಕಾಯಿಲೆ ಹೊತ್ತುಕೊಂಡೇ ಹುಟ್ಟಿದರು.

1959ರ ಜುಲೈನಲ್ಲಿ ಕುಮಾಮೊಟೊ ತಂಡ ಸಾವಯವ ಪಾದರಸದ ಕಡೆ ಬೆರಳು ತೋರಿಸಿತು. ಅದೇ ತಿಂಗಳು ಹೊಸೊಕಾವಾ ಆಸ್ಪತ್ರೆಯಲ್ಲೇ ಒಂದು ಪ್ರಯೋಗ ಶುರು ಮಾಡಿದರು. ಅಸಿಟಾಲ್ಡಿಹೈಡ್ ಪ್ಲಾಂಟಿನ ತ್ಯಾಜ್ಯ ನೀರನ್ನೇ ತಂದು, ದಿನಾ ಊಟಕ್ಕೆ ಬೆರೆಸಿ, ಒಂದು ಬೆಕ್ಕಿಗೆ ತಿನ್ನಿಸಿದರು. ಅವರ ದಾಖಲೆಯಲ್ಲಿ ಅದು 400ನೇ ಬೆಕ್ಕು. ಅಕ್ಟೋಬರ್ ಮೊದಲ ವಾರದಲ್ಲಿ ಅದಕ್ಕೂ ಫಿಟ್ಸ್ ಬಂತು. ನಡಿಗೆ ತಪ್ಪಿತು. ಕೇರಿಯ ಬೆಕ್ಕುಗಳ ಹಾಗೇ ಕುಣಿಯಿತು. ಮಧ್ಯೆ ಮೀನೇ ಇಲ್ಲ, ಪೈಪಿನಿಂದ ನೇರವಾಗಿ ಬೆಕ್ಕಿಗೆ. ಇದಕ್ಕಿಂತ ಸ್ಪಷ್ಟವಾದ ಸುಳಿವು ಆಗ ಬೇರೆ ಯಾರ ಹತ್ತಿರವೂ ಇರಲಿಲ್ಲ.

ಅವರು ಫಲಿತಾಂಶವನ್ನು ಫ್ಯಾಕ್ಟರಿಯ ಮೇಲಿನವರಿಗೆ ತಿಳಿಸಿದರು. ಒಂದೇ ಬೆಕ್ಕಿನಿಂದ ಏನೂ ಸಾಬೀತಾಗಲ್ಲ ಅಂತ ಉತ್ತರ ಬಂತು. ವಿಜ್ಞಾನದ ಲೆಕ್ಕದಲ್ಲಿ ಆ ಮಾತು ತಪ್ಪೇನಲ್ಲ, ಅದಕ್ಕೇ ಅವರೂ ಇನ್ನಷ್ಟು ಬೆಕ್ಕುಗಳ ಮೇಲೆ ನೋಡಬೇಕು ಅಂದರು. ಆದರೆ ಕಂಪನಿ ಪ್ರಯೋಗವನ್ನೇ ನಿಲ್ಲಿಸಿತು. ಒಂದು ಬೆಕ್ಕು ಸಾಲದು, ಎರಡನೇದಕ್ಕೆ ಪರ್ಮಿಷನ್ ಇಲ್ಲ!

ಹೊಸೊಕಾವಾ ಹೊರಗೆ ಬಾಯಿ ಬಿಡಲಿಲ್ಲ. ಮೂರು ವರ್ಷದ ಹಿಂದೆ ಹತ್ತೇ ದಿನದಲ್ಲಿ ವರದಿ ಕೊಟ್ಟಿದ್ದ ಅದೇ ಮನುಷ್ಯ ಈಗ ಸುಮ್ಮನಾದರು. ಇದನ್ನು ಮುಚ್ಚಿಟ್ಟು ಅವರನ್ನು ಹೀರೋ ಮಾಡೋದು ಸುಲಭ, ಆದರೆ ಅದು ನಿಜ ಅಲ್ಲ. ಆ ಮೌನದ ಬೆಲೆ ಬೇಗ ಗೊತ್ತಾಯಿತು. 1959ರ ಡಿಸೆಂಬರ್ 30ರಂದು ಕಂಪನಿ ರೋಗಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಸ್ವಲ್ಪ ಸಾಂತ್ವನದ ಹಣ, ಜೊತೆಗೆ ಒಂದು ಷರತ್ತು: ಮುಂದೆ ಫ್ಯಾಕ್ಟರಿ ನೀರೇ ಕಾರಣ ಅಂತ ಗೊತ್ತಾದರೂ ಹೆಚ್ಚಿನ ಪರಿಹಾರ ಕೇಳಬಾರದು. ಬೆಕ್ಕಿನ ವಿಷಯ ಸಹಿ ಹಾಕಿಸಿಕೊಂಡವರಿಗೆ ಗೊತ್ತಿತ್ತು, ಸಹಿ ಹಾಕಿದವರಿಗೆ ಗೊತ್ತಿರಲಿಲ್ಲ.

ಹೊಸೊಕಾವಾ 1962ರಲ್ಲಿ ನಿವೃತ್ತರಾದರು. 1965ರಲ್ಲಿ ನಿಗಾಟಾ ಪ್ರಾಂತ್ಯದ ಅಗಾನೊ ನದಿಯ ದಂಡೆಯಲ್ಲಿ ಅದೇ ಕಾಯಿಲೆ ಮತ್ತೆ ಕಾಣಿಸಿಕೊಂಡಿತು. ಬೇರೆ ಕಂಪನಿ, ಅದೇ ಪ್ರೋಸೆಸ್. ಚಿಸ್ಸೊ ಆ ಪ್ರೋಸೆಸ್ ನಿಲ್ಲಿಸಿದ್ದು 1968ರ ಮೇನಲ್ಲಿ. ಸರ್ಕಾರ ಫ್ಯಾಕ್ಟರಿಯೇ ಕಾರಣ ಅಂತ ಒಪ್ಪಿದ್ದು ಅದೇ ಸೆಪ್ಟೆಂಬರಿನಲ್ಲಿ. 400ನೇ ಬೆಕ್ಕು ಸತ್ತು ಆಗಲೇ ಒಂಬತ್ತು ವರ್ಷ ಆಗಿತ್ತು.

1969ರಲ್ಲಿ ರೋಗಿಗಳು ಕೋರ್ಟಿಗೆ ಹೋದರು. ಆಗ ಹೊಸೊಕಾವಾ ಅವರಿಗೆ ಕ್ಯಾನ್ಸರ್. 1970ರ ಜುಲೈ 4ರಂದು ಟೋಕಿಯೊದ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಅವರು ಸಾಕ್ಷಿ ಹೇಳಿದರು. ಬೆಕ್ಕಿನ ಪ್ರಯೋಗ, ಅದರ ಫಲಿತಾಂಶ, ಅದನ್ನು ಯಾರಿಗೆ ತಿಳಿಸಿದ್ದು, ಆಮೇಲೆ ಹೇಗೆ ನಿಲ್ಲಿಸಿದರು, ಎಲ್ಲ ಹೇಳಿದರು. ಅಕ್ಟೋಬರ್ 13ರಂದು ತೀರಿಕೊಂಡರು. 1973ರ ಮಾರ್ಚ್ 20ರಂದು ರೋಗಿಗಳು ಗೆದ್ದರು. ಆ ಹಳೇ ಒಪ್ಪಂದವೂ ರದ್ದಾಯಿತು. ತೀರ್ಪು ಕೇಳೋಕೆ ಡಾಕ್ಟರ್ ಇರಲಿಲ್ಲ.

ಹಾಗಾದ್ರೆ ಮೀನು ಬಿಡಬೇಕಾ? ಬೇಡ. ಇವತ್ತಿನ ಸಲಹೆ ಹಾಗೆ ಹೇಳಲ್ಲ. ಅಮೆರಿಕದ ಆಹಾರ ಇಲಾಖೆ ಗರ್ಭಿಣಿಯರಿಗೂ ವಾರಕ್ಕೆ ಸುಮಾರು 225ರಿಂದ 340 ಗ್ರಾಂ ಮೀನು ತಿನ್ನಿ ಅನ್ನುತ್ತೆ, ಪಾದರಸ ಕಡಿಮೆ ಇರೋ ಜಾತಿ ನೋಡಿ. ಹುಟ್ಟೋ ಮಗುವಿನ ಮೆದುಳಿಗೆ ಒಮೆಗಾ-3 ಬೇಕು. ಬೂತಾಯಿಯಂಥ ಸಣ್ಣ, ಬೇಗ ಬೆಳೆಯೋ ಮೀನಿನಲ್ಲಿ ಪಾದರಸ ಕಡಿಮೆ. ಶಾರ್ಕ್‌ನಂಥ, ಬೇರೆ ಮೀನು ತಿಂದು ಬಹಳ ವರ್ಷ ಬದುಕೋ ದೊಡ್ಡ ಮೀನಿನಲ್ಲಿ ಜಾಸ್ತಿ.

ಆದರೆ ಈ ಲೆಕ್ಕ ತಟ್ಟೆ ಮುಂದೆ ಕೂತವರು ಮಾಡಬೇಕು ಅಂದ್ರೆ, ಅಳತೆ ಮಾಡಿದವರು ಮೊದಲು ಅದನ್ನು ಹೊರಗೆ ಹೇಳಬೇಕು. ಮಿನಮಾಟಾದ ಅಮ್ಮಂದಿರು ಲೆಕ್ಕ ತಪ್ಪಲಿಲ್ಲ. ಅವರಿಗೆ ಒಂದು ಸಂಖ್ಯೆಯನ್ನು ಯಾರೂ ಕೊಡಲೇ ಇಲ್ಲ. ನಾಳೆ ನಮ್ಮಲ್ಲಿ ಯಾರೋ ಪ್ಲಾಂಟಿನಲ್ಲೋ ಲ್ಯಾಬಿನಲ್ಲೋ ಅಂಥ ಒಂದು ರೀಡಿಂಗ್ ಕೈಯಲ್ಲಿ ಹಿಡ್ಕೊಂಡು ನಿಂತಿರ್ತೀವಿ. ಹೊಸೊಕಾವಾ ತಮ್ಮದನ್ನು ಹೇಳಿದರು. ಹೇಳೋಕೆ ಅವರಿಗೆ ಹನ್ನೊಂದು ವರ್ಷ ಬೇಕಾಯಿತು.